ಎಸೆಯದ ಬಾಳೆಹಣ್ಣು

"ಮಗನಿಗೆ ಕೀಳರಿಮೆ ಇದೆ ಮೇಡಂ, ತೆಗೆದುಬಿಡಿ" ಅಂತ ಹುಳುಕು ಹಲ್ಲು ಕೀಳಿಸೋಕೆ ಬಂದವರ ಹಾಗೆ ಕೇಳುವವರು ತಿಂಗಳಿಗೆ ಒಬ್ಬರಾದರೂ ಸಿಗುತ್ತಾರೆ. ಕೀಳರಿಮೆಯ ಮಾತು ಇಷ್ಟು ಬಳಕೆಗೆ ಬರಲು ಮುಖ್ಯ ಕಾರಣ ವಿಯೆನ್ನಾದ ವೈದ್ಯ ಆಲ್ಫ್ರೆಡ್ ಆಡ್ಲರ್. ಆದರೆ ಅವನು ಅದನ್ನು ಕೀಳಬೇಕಾದ ರೋಗ ಅಂದಿರಲಿಲ್ಲ. ದೊಡ್ಡವರ ನಡುವೆ ಪುಟ್ಟದಾಗಿ ಹುಟ್ಟಿದ ಎಲ್ಲರಲ್ಲೂ ಅದು ಇದ್ದೇ ಇರುತ್ತೆ, ಬೆಳೆಯೋಕೆ ಅದೇ ತಳ್ಳುತ್ತೆ ಅಂದ. ಅದನ್ನು ಮುಚ್ಚಿಡೋಕೆ ನಾವು ಹೂಡುವ ಆಟಗಳಲ್ಲೇ ತೊಂದರೆ ಇರೋದು.

ಅಂಥ ಒಂದು ಆಟದ ಕಥೆ ಇದು. ಹೋಲುವ ಪ್ರಕರಣಗಳು ಮತ್ತೆ ಮತ್ತೆ ಬರುತ್ತಿವೆ, ಅದಕ್ಕೇ ಬರೆಯುತ್ತಿದ್ದೇನೆ. ಈ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಗೆ ಸಹೋದ್ಯೋಗಿಯೊಬ್ಬರು ಮುಖ ಸಿಂಡರಿಸಿದ್ದರು, ಅದೂ ಒಂದು ಕಾರಣ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಕಥೆಯಲ್ಲಿರುವವರ ಒಪ್ಪಿಗೆಯೂ ಇದೆ.

ನಲವತ್ತರ ಆಸುಪಾಸಿನ ಸರ್ಕಾರಿ ನೌಕರ. ಬಡ್ತಿಗೆ ಇಲಾಖಾ ಪರೀಕ್ಷೆ ಪಾಸಾಗಬೇಕು. ಆರು ಸಲ ಫೀಸು ಕಟ್ಟಿದ್ದಾರೆ, ಒಂದು ಸಲವೂ ಬರೆದಿಲ್ಲ. ಪರೀಕ್ಷೆ ದಿನ ಬೆಳಗ್ಗೆ ಹೊಟ್ಟೆ ಹಿಂಡುವ ನೋವು. ಎಂಡೋಸ್ಕೋಪಿ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ಹೊಟ್ಟೆ ಡಾಕ್ಟರೇ ನನ್ನ ಹತ್ತಿರ ಕಳಿಸಿದ್ದು. ನೋವು ನಾಟಕವಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಜವಾಗಿಯೂ ಬೆವರುತ್ತಿದ್ದರು, ವಾಂತಿ ಆಗುತ್ತಿತ್ತು.

ಆಡ್ಲರ್ ರೋಗಿಗಳಿಗೆ ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಿದ್ದ. ಈ ಕಾಯಿಲೆ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ? ನಾನೂ ಅದನ್ನೇ ಕೇಳಿದೆ. "ಎಕ್ಸಾಮ್ ಬರೆದು ಪಾಸಾಗಿರ್ತಿದ್ದೆ. ನನ್ನ ಜೊತೆಯವರಿಗಿಂತ ನನಗೇ ರೂಲ್ಸ್ ಚೆನ್ನಾಗಿ ಗೊತ್ತು" ಅಂದರು. ಎಷ್ಟು ನೆಮ್ಮದಿಯಿಂದ ಹೇಳಿದರು ಅಂದರೆ, ನಾನು ಆ ಉತ್ತರವನ್ನು ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ನಾಲ್ಕನೇ ಭೇಟಿಯಲ್ಲಿ ಕೇಳಿದೆ: "ನಿಮಗೆ ನೆನಪಿರೋ ಎಲ್ಲಕ್ಕಿಂತ ಹಳೇ ಘಟನೆ ಯಾವುದು? ಯಾರೋ ಹೇಳಿ ಗೊತ್ತಾದದ್ದು ಬೇಡ. ಈಗಲೂ ಕಣ್ಣಿಗೆ ಕಾಣೋದು ಹೇಳಿ."

"ನಾಲ್ಕು ವರ್ಷ ಇರಬೇಕು ಮೇಡಂ. ನಮ್ಮೂರ ತೇರು. ಅಣ್ಣ ಅಪ್ಪನ ಹೆಗಲ ಮೇಲೆ ಕೂತಿದ್ದಾನೆ. ನಾನು ಕೆಳಗೆ. ನನಗೆ ಬರೀ ಕಾಲುಗಳು ಕಾಣ್ತಿವೆ. ಅಮ್ಮ ಬಾಳೆಹಣ್ಣಿಗೆ ದವನ ಸಿಕ್ಕಿಸಿ ಇಬ್ಬರಿಗೂ ಕೊಟ್ಟಿದ್ದಾಳೆ, ಕಳಸಕ್ಕೆ ಎಸೀರಿ ಅಂತ. ಅಣ್ಣ ಎಸೆದ. ಕಳಸಕ್ಕೆ ತಾಗಲಿಲ್ಲ, ಯಾರದೋ ಟೋಪಿ ಮೇಲೆ ಬಿತ್ತು. ಎಲ್ಲರೂ ನಕ್ಕರು."

"ನೀವು?"

"ನಾನು ಎಸೀಲೇ ಇಲ್ಲ. ತೇರು ಮುಂದಕ್ಕೆ ಹೋಯ್ತು. ಮನೆಗೆ ಬಂದಾಗಲೂ ಹಣ್ಣು ಕೈಯಲ್ಲೇ ಇತ್ತು. ಹಿಸುಕಿ ಹಿಸುಕಿ ಸಿಪ್ಪೆ ಒಡೆದು, ಅಂಗೈಯೆಲ್ಲ ಅಂಟಂಟು." ಹೇಳುತ್ತಾ ಹೆಬ್ಬೆರಳಿನಿಂದ ಅಂಗೈ ಉಜ್ಜಿಕೊಂಡರು. ಆ ಅಂಟು ಇನ್ನೂ ಹೋಗಿಲ್ಲವೇನೋ ಅನ್ನಿಸಿತು.

"ಎಸೆದಿದ್ರೆ?"

"ತಾಗ್ತಿತ್ತು." ಒಂದು ಕ್ಷಣವೂ ಯೋಚಿಸಲಿಲ್ಲ.

ನಾನು ಸುಮ್ಮನಿದ್ದೆ. ಪಕ್ಕದ ಮನೆಯ ಕುಕ್ಕರ್ ಎರಡು ಸಲ ಕೂಗಿತು. ಅವರು ತಮ್ಮ ಅಂಗೈಯನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಅಂದರು: "ಎಸೀದೇ ಇದ್ದಿದ್ದಕ್ಕೆ ತಾನೇ ಮೇಡಂ ಹಂಗನ್ನೋಕಾಗೋದು." ನಕ್ಕರು. ನಗು ಅರ್ಧಕ್ಕೆ ನಿಂತು, ಕುಡಿಯೋಕೆ ನೀರು ಕೇಳಿದರು.

ಮನೋವಿಶ್ಲೇಷಣೆ ಹುಟ್ಟುಹಾಕಿದ ಸಿಗ್ಮಂಡ್ ಫ್ರಾಯ್ಡ್ ಕನಸಿನ ಉದ್ದನೆಯ ವಸ್ತುಗಳಲ್ಲಿ ಕಾಮದ ಸಂಕೇತ ಕಂಡವನು, ಹಾಗಾಗಿ ಬಾಳೆಹಣ್ಣು ಅಂದ ಕೂಡಲೇ ಅವನನ್ನು ಓದಿದವರಿಗೆ ಕಚಗುಳಿ ಇಟ್ಟ ಹಾಗಾಗಬಹುದು. ನಗಿ, ಪರವಾಗಿಲ್ಲ. ಬಾಲ್ಯದ ಇಂಥ ನೆನಪುಗಳು ಒಳಗಿರುವ ಬೇರೆ ಏನನ್ನೋ ಮುಚ್ಚುವ ಪರದೆ ಅಂತ ಫ್ರಾಯ್ಡ್ 1899ರಲ್ಲೇ ಬರೆದಿದ್ದ. ಅವನಾದರೆ ಇವರನ್ನು ಮಂಚದ ಮೇಲೆ ಮಲಗಿಸಿ, ತಲೆಯ ಹಿಂದೆ ಕಾಣದ ಹಾಗೆ ಕೂತು, ವಾರದಲ್ಲಿ ಆರು ದಿನ, ತಿಂಗಳುಗಟ್ಟಲೆ ಪರದೆ ಸರಿಸುತ್ತಿದ್ದ. ದಿನಕ್ಕೆ ಎಂಟು ಗಂಟೆ ಜನ ತನ್ನನ್ನೇ ದಿಟ್ಟಿಸೋದು ತನಗೆ ಆಗಲ್ಲ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಆಡ್ಲರ್ ಎದುರುಬದುರು ಕುರ್ಚಿ ಹಾಕಿಸಿದ. 1902ರಲ್ಲಿ ಫ್ರಾಯ್ಡ್ ಮನೆಯ ಬುಧವಾರದ ಕೂಟಕ್ಕೆ ಮೊದಲು ಸೇರಿದವರಲ್ಲಿ ಅವನೂ ಒಬ್ಬ, 1911ರಲ್ಲಿ ಜಗಳವಾಡಿಕೊಂಡು ಹೊರಬಂದ. ಇಬ್ಬರ ವ್ಯತ್ಯಾಸವನ್ನು ನಮ್ಮ ಎರಡು ಪದಗಳಲ್ಲೇ ಹೇಳಬಹುದು. ಫ್ರಾಯ್ಡ್ ಕೇಳಿದ್ದು 'ಯಾತರಿಂದ', ಆಡ್ಲರ್ ಕೇಳಿದ್ದು 'ಯಾತಕ್ಕಾಗಿ'. ಈ ಹೊಟ್ಟೆನೋವು ಯಾತಕ್ಕಾಗಿ ಬರುತ್ತೆ? ಹಣ್ಣನ್ನು ಕೈಯಲ್ಲೇ ಉಳಿಸೋಕೆ.

ಮುಂದಿನ ವಾರ ಅವರು ಸಪ್ಪೆ ಮುಖ ಮಾಡಿಕೊಂಡು ಬಂದರು. ನಾನು ಹೇಳದೇ ಇದ್ದರೂ ಊರಿಗೆ ಫೋನ್ ಮಾಡಿ ಅಣ್ಣನನ್ನು ಕೇಳಿದ್ದರಂತೆ. ಅಣ್ಣ, "ಹೆಗಲ ಮೇಲಿದ್ದವನು ನೀನು ಕಣೋ. ನನಗಾಗ ಹತ್ತು ವರ್ಷ, ಅಪ್ಪ ನನ್ನ ಹೊರ್ತಿದ್ನಾ?" ಅಂದುಬಿಟ್ಟರಂತೆ. "ಹಾಗಾದ್ರೆ ಅವತ್ತು ಹೇಳಿದ್ದೆಲ್ಲ ಸುಳ್ಳಾ ಮೇಡಂ?"

ಅವರಿಗೆ ಆಡ್ಲರ್‌ನದೇ ಕಥೆ ಹೇಳಿದೆ. ಚಿಕ್ಕವನಿದ್ದಾಗ ಸ್ಕೂಲಿನ ದಾರಿಯಲ್ಲಿ ಸ್ಮಶಾನ, ದಾಟಬೇಕಾದರೆ ಭಯ. ಒಂದು ದಿನ ಬ್ಯಾಗನ್ನು ಬೇಲಿಗೆ ತಗಲಿಸಿ, ಭಯ ಹೋಗುವವರೆಗೆ ಹತ್ತಾರು ಸಲ ಆ ಕಡೆಯಿಂದ ಈ ಕಡೆಗೆ ಓಡಾಡಿದ. ದೊಡ್ಡವನಾದ ಮೇಲೆ ಹಳೇ ಸಹಪಾಠಿ ಸಿಕ್ಕಾಗ ಆ ಸ್ಮಶಾನ ಈಗ ಏನಾಯ್ತು ಅಂತ ಕೇಳಿದರೆ, ಅಲ್ಲಿ ಸ್ಮಶಾನವೇ ಇರಲಿಲ್ಲ ಅಂದನಂತೆ. ಆಡ್ಲರ್ ಆ ನೆನಪನ್ನು ಬಿಸಾಡಲಿಲ್ಲ. ಸಾವಿಗೆ ಹೆದರಬಾರದು ಅಂತ ಪಣ ತೊಟ್ಟ ಹುಡುಗ ಅಂಥ ಸ್ಮಶಾನವನ್ನು ಕಟ್ಟಿಕೊಂಡ, ಅಷ್ಟೇ. (ಅವನೂ ಎರಡನೆಯವನು. ಮೂಳೆ ಮೆತ್ತಗಾಗುವ ರೋಗದಿಂದ ಬೆಂಚಿನ ಮೇಲೆ ಕೂತು, ಕುಣಿದಾಡುವ ಅಣ್ಣನನ್ನು ನೋಡುತ್ತಿದ್ದವನು. ಆ ಅಣ್ಣನ ಹೆಸರೂ ಸಿಗ್ಮಂಡ್!)

ಹಾಗಂತ ಆಡ್ಲರ್ ಹೇಳಿದ್ದೆಲ್ಲ ನಾನು ನಂಬಲ್ಲ. ಹಿರಿಯ ಮಗು ಹೀಗೆ, ಕಿರಿಯದು ಹಾಗೆ ಅನ್ನುವ ಅವನ ಲೆಕ್ಕ ಈಚಿನ ದೊಡ್ಡ ಅಧ್ಯಯನಗಳಲ್ಲಿ ನಿಂತಿಲ್ಲ. ಬಾಲ್ಯದ ನೆನಪನ್ನು ಅಪ್ಪನ ಮೇಲಿನ ಸಾಕ್ಷಿಯ ಹಾಗೆ ಬಳಸೋದಂತೂ ಅಪಾಯ. ಆ ಫೋನ್ ಕರೆಯನ್ನು ನಾನು ಊಹಿಸಬೇಕಿತ್ತು. ಅಣ್ಣನ ಜಾಗದಲ್ಲಿ ಸಿಡುಕಿನವರಿದ್ದರೆ ಮನೆಯಲ್ಲಿ ರಾಮಾಯಣವೇ ಆಗುತ್ತಿತ್ತು. ಈಗ ನೆನಪು ಕೇಳುವ ಮೊದಲೇ "ಇದನ್ನ ಯಾರ ಹತ್ತಿರವೂ ಚೆಕ್ ಮಾಡೋಕೆ ಹೋಗ್ಬೇಡಿ" ಅನ್ನುತ್ತೇನೆ.

ಇನ್ನು ಸಲಹೆ. "ಈ ಸಲ ಪಾಸಾಗೋಕೆ ಹೋಗಬೇಡಿ. ಫೇಲಾಗೋಕೆ ಹೋಗಿ. ಹಾಲ್‌ನಲ್ಲಿ ಕೂತು, ಗೊತ್ತಿದ್ದಷ್ಟು ಬರೆದು, ಕೊನೇ ಬೆಲ್ ಹೊಡೆಯೋವರೆಗೆ ಇದ್ದು ಬನ್ನಿ." ಅವರ ಹೆಂಡತಿಗೆ ಹೇಳಿದ್ದು ಇನ್ನೂ ಸಣ್ಣದು: ಪರೀಕ್ಷೆ ದಿನ ಗಂಜಿ ಕಾಯಿಸಿ ಪಕ್ಕದಲ್ಲಿ ಕೂರಬೇಡಿ, ಎಂದಿನ ತಿಂಡಿಯನ್ನೇ ಮಾಡಿ. ಆಮೇಲೆ, ಆಫೀಸಿನಲ್ಲಿ ಹೊಸದಾಗಿ ಸೇರಿದ ಇಬ್ಬರಿಗೆ ಸಂಜೆ ಅರ್ಧ ಗಂಟೆ ರೂಲ್ಸ್ ಹೇಳಿಕೊಡಿ ಅಂದೆ. ತನ್ನ ಚಿಂತೆಯಿಂದ ಬೇರೆಯವರ ಕಡೆಗೆ ಮುಖ ತಿರುಗಿದಾಗಲೇ ಮನುಷ್ಯ ಸುಧಾರಿಸೋದು ಅಂತ ಆಡ್ಲರ್ ನಂಬಿದ್ದ. ಇದನ್ನು ನಾನೂ ನಂಬುತ್ತೇನೆ.

ಸಹೋದ್ಯೋಗಿ ಮುಖ ಸಿಂಡರಿಸಿದ್ದು 'ಫೇಲಾಗೋಕೆ ಹೋಗಿ' ಅಂದಿದ್ದಕ್ಕೆ. ಧೈರ್ಯ ತುಂಬಬೇಕಾದವರು ಹೀಗನ್ನಬಹುದಾ ಅಂತ. ಸ್ವಾಮಿ, ಇವರಿಗೆ ಹದಿನೈದು ವರ್ಷದಿಂದ ಎಲ್ಲರೂ ಧೈರ್ಯ ತುಂಬಿದವರೇ. "ನೀವು ಬುದ್ಧಿವಂತರು, ಬರೆದರೆ ಪಾಸೇ" ಅಂತ. ಆ ಮಾತನ್ನು ಕಾಪಾಡಿಕೊಳ್ಳೋಕೇ ಅವರು ಬರೆಯದೇ ಉಳಿದದ್ದು. ಇನ್ನೊಂದು ಕೊಡ ಸುರಿದಿದ್ದರೆ ಹೊಟ್ಟೆ ಇನ್ನೂ ಜಾಸ್ತಿ ಹಿಂಡುತ್ತಿತ್ತು. ಆದರೆ ಮನಸ್ಸು ಪೂರ್ತಿ ಕುಸಿದಿರುವವರಿಗೆ, ಸಾಯುವ ಮಾತಾಡುವವರಿಗೆ ನಾನು ಈ ಸಲಹೆ ಕೊಡಲ್ಲ. ಅವರನ್ನು ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತೇನೆ.

ಪರೀಕ್ಷೆ ದಿನ ನೋವು ಬಂತು. ಆಟೋದಲ್ಲಿ ಬಗ್ಗಿಕೊಂಡೇ ಹೋದರಂತೆ, ಮಧ್ಯೆ ಎರಡು ಸಲ ಎದ್ದು ಟಾಯ್ಲೆಟ್ಟಿಗೆ ಹೋಗಿಬಂದರಂತೆ. ರಿಸಲ್ಟ್ ಬಂದ ಸಂಜೆ ಫೋನ್ ಮಾಡಿದರು.

"ಜನರಲ್ ಲಾ ಆಯ್ತು ಮೇಡಂ. ಅಕೌಂಟ್ಸ್ ಹೋಯ್ತು."

"ಹೇಗನ್ನಿಸ್ತಿದೆ?"

"ನಾಚಿಕೆ ಆಗ್ತಿದೆ. ನಾನು ಹೇಳಿಕೊಟ್ಟ ಹುಡುಗಿ ಎರಡೂ ಪಾಸು. ಅಕೌಂಟ್ಸ್ ಈಗ ಅವಳ ಹತ್ರನೇ ಹೇಳಿಸ್ಕೋತಿದೀನಿ. ಸ್ವಲ್ಪ ಬೈತಾಳೆ."