ಬ್ರಾಂಚ್ ಸ್ವಿಚ್‌ಗೆ ಲಾಗಿನ್ ಆಗಲು 20 ಸೆಕೆಂಡ್: ಸೋರ್ಸ್ ಐಪಿ ನೋಡಿ
ನಮಸ್ಕಾರ. ಹೆಡ್ ಆಫೀಸಿನ ಸಿಸ್ಕೋ ಸ್ವಿಚ್‌ಗಳಲ್ಲಿ ರೇಡಿಯಸ್ (ಎಲ್ಲರ ಲಾಗಿನ್ ಒಂದೇ ಸರ್ವರ್‌ನಲ್ಲಿ ಪರಿಶೀಲಿಸುವ ವ್ಯವಸ್ಥೆ) ಲಾಗಿನ್ ಸರಿಯಾಗಿದೆ, ಅದೇ ಕಾನ್ಫಿಗ್ ಹಾಕಿದ ಬ್ರಾಂಚ್ ಸ್ವಿಚ್ ಮಾತ್ರ ಸುಮಾರು 20 ಸೆಕೆಂಡ್ ಸುಮ್ಮನಿದ್ದು ಆಮೇಲೆ ಲೋಕಲ್ (ಸ್ವಿಚ್‌ನಲ್ಲೇ ಇಟ್ಟ) ಪಾಸ್‌ವರ್ಡ್ ತಗೊಳ್ಳುತ್ತೆ ಅಂದಿರಿ. ಆ 20 ಸೆಕೆಂಡೇ ಸುಳಿವು. ಡೀಫಾಲ್ಟ್ ಟೈಮ್‌ಔಟ್ 5 ಸೆಕೆಂಡ್, ಮರುಪ್ರಯತ್ನ 3. ಮೊದಲ ಸಲದ್ದೂ ಸೇರಿಸಿದರೆ 4 ಸಲ ಕೇಳಿದೆ, ಒಂದಕ್ಕೂ ಉತ್ತರ ಬಂದಿಲ್ಲ. ಪಾಸ್‌ವರ್ಡ್ ತಪ್ಪಾಗಿದ್ದರೆ ಸರ್ವರ್ ತಕ್ಷಣ ರಿಜೆಕ್ಟ್ ಕಳಿಸುತ್ತಿತ್ತು, ಆಗ ಸ್ವಿಚ್ ಲೋಕಲ್‌ಗೆ ಇಳಿಯುತ್ತಲೇ ಇರಲಿಲ್ಲ.

ಗೊತ್ತಿಲ್ಲದ ಸೋರ್ಸ್ ಐಪಿಯಿಂದ (ಪ್ಯಾಕೆಟ್ ಕಳಿಸಿದ ವಿಳಾಸ) ಬಂದ ಪ್ಯಾಕೆಟ್‌ಗೆ ರೇಡಿಯಸ್ ಸರ್ವರ್ ಬಾಯಿಯೇ ಬಿಡುವುದಿಲ್ಲ. ಫ್ರೀರೇಡಿಯಸ್ (ನಿಮ್ಮ ರೇಡಿಯಸ್ ಸರ್ವರ್ ಸಾಫ್ಟ್‌ವೇರ್) ನಿಲ್ಲಿಸಿ, ಮೈನಸ್ ದೊಡ್ಡ ಎಕ್ಸ್ (-X) ಹಾಕಿ ಡೀಬಗ್‌ನಲ್ಲಿ ಓಡಿಸಿ. 'ಅನ್‌ನೋನ್ ಕ್ಲೈಂಟ್' ಅಂತ ಬಂದರೆ ಪಕ್ಕದ ಐಪಿ ನೋಡಿ. ಬಹುಶಃ ಅದು ಸ್ವಿಚ್‌ನ ವ್ಯಾನ್ (ಹೆಡ್ ಆಫೀಸಿಗೆ ಹೋಗುವ ಲಿಂಕ್) ಕಡೆಯ ವಿಳಾಸ, ನೀವು ಕ್ಲೈಂಟ್ಸ್ ಫೈಲಿಗೆ (ಸರ್ವರ್ ಒಪ್ಪುವ ಸಾಧನಗಳ ಪಟ್ಟಿ) ಬರೆದದ್ದು ಲೂಪ್‌ಬ್ಯಾಕ್ (ಸ್ವಿಚ್ ಒಳಗಿನ ಕಾಲ್ಪನಿಕ ಇಂಟರ್ಫೇಸ್) ವಿಳಾಸ. ಸ್ವಿಚ್‌ನಲ್ಲಿ ರೇಡಿಯಸ್ ಸೋರ್ಸ್-ಇಂಟರ್ಫೇಸ್ ಅನ್ನು ಲೂಪ್‌ಬ್ಯಾಕ್‌ಗೆ ಕಟ್ಟಿ. ಏನೂ ಕಾಣದಿದ್ದರೆ ಪ್ಯಾಕೆಟ್ ಸರ್ವರ್‌ವರೆಗೆ ಬಂದೇ ಇಲ್ಲ: ನಡುವಿನ ಫೈರ್‌ವಾಲ್‌ನಲ್ಲಿ ಯುಡಿಪಿ ಪೋರ್ಟ್ 1812 ತೆರೆದಿದೆಯಾ, ಸ್ವಿಚ್ ಹಳೆಯ 1645ಕ್ಕೆ ಕಳಿಸುತ್ತಿದೆಯಾ ನೋಡಿ.

ಬ್ರಾಂಚ್‌ನವರಿಗೆ ಹಕ್ಕು ಕೊಡುವ ಗುಂಪುಗಳ ಬಗ್ಗೆಯೂ ಕೇಳಿದಿರಿ. ಕ್ಲೈಂಟ್ ಗುರುತಿಸುವುದು ಪ್ಯಾಕೆಟ್‌ನ ಸೋರ್ಸ್ ಐಪಿಯಿಂದ. ಹಂಟ್‌ಗ್ರೂಪ್‌ಗೆ (ಫ್ರೀರೇಡಿಯಸ್‌ನಲ್ಲಿ ಸಾಧನಗಳ ಗುಂಪು) ಸಾಮಾನ್ಯವಾಗಿ ಬರೆಯುವುದು ಪ್ಯಾಕೆಟ್ ಒಳಗಿನ ನ್ಯಾಸ್-ಐಪಿ-ಅಡ್ರೆಸ್, ಅಂದರೆ ಸ್ವಿಚ್ ತಾನೇ ಹೇಳಿಕೊಳ್ಳುವ ವಿಳಾಸ. ನ್ಯಾಟ್ (ದಾರಿಯಲ್ಲಿ ಐಪಿ ವಿಳಾಸ ಬದಲಿಸುವ ವ್ಯವಸ್ಥೆ) ದಾಟಿ ಬಂದರೆ ಇವೆರಡೂ ಬೇರೆಯಾಗುತ್ತವೆ, ಬ್ರಾಂಚ್ ಹುಡುಗರಿಗೆ ಸಿಗಬೇಕಾದ ಹಕ್ಕು ಸಿಗುವುದಿಲ್ಲ. ಎಲ್ಲ ಬ್ರಾಂಚ್‌ಗೂ ಒಂದೇ ಸೀಕ್ರೆಟ್ (ಸ್ವಿಚ್ ಮತ್ತು ಸರ್ವರ್ ನಡುವಿನ ಗುಟ್ಟಿನ ಪದ) ಇಡಬೇಡಿ, ದಯವಿಟ್ಟು.

ಬದಲಾಯಿಸುವಾಗ ಈಗಾಗಲೇ ಲಾಗಿನ್ ಆಗಿರುವ ಒಂದು ಸೆಷನ್ ಮುಚ್ಚದೆ ಇಟ್ಟುಕೊಳ್ಳಿ, ಇನ್ನೊಂದು ವಿಂಡೋದಲ್ಲಿ ಪರೀಕ್ಷಿಸಿ. ಡೀಬಗ್‌ನಲ್ಲಿ ಬಂದ ಸಾಲನ್ನು ಸೀಕ್ರೆಟ್ ಅಳಿಸಿ ಇಲ್ಲಿ ಹಾಕಿ, ನೋಡುತ್ತೇನೆ.