ಸಿಒಪಿಡಿ ಇರುವವರು ವ್ಯಾಯಾಮ ಮಾಡಬಹುದಾ?

ನಿಮ್ಮ ತಂದೆಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ, ವರ್ಷಗಟ್ಟಲೆ ಇರುವ ಶ್ವಾಸಕೋಶದ ಕಾಯಿಲೆ), ಹತ್ತು ಹೆಜ್ಜೆಗೇ ಏದುಸಿರು, ವ್ಯಾಯಾಮ ಮಾಡಿಸಲಾ ಸುಮ್ನೆ ಕೂರಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಕೂರಿಸಬೇಡಿ. ನಾವು ಆ ತಪ್ಪು ಮಾಡಿದ್ದೇವೆ.

ನಮ್ಮಮ್ಮ ಬೀಡಿ, ಸಿಗರೇಟು ಮುಟ್ಟಿದವರಲ್ಲ, ಮೂವತ್ತು ವರ್ಷ ಸೌದೆ ಒಲೆ ಊದಿ ಈ ಕಾಯಿಲೆ ಬಂತು. ದಮ್ಮು ಕಟ್ಟುತ್ತೆ ಅಂತ ನೀರಿನ ಲೋಟ ಕೂಡ ಕೈಗೇ ತಂದುಕೊಡುತ್ತಿದ್ದೆವು. ಎರಡು ವರ್ಷದಲ್ಲಿ ಬಚ್ಚಲಿಗೆ ಹೋಗಿಬರುವುದೂ ಕಷ್ಟವಾಯಿತು. ಕಾಯಿಲೆ ಜಾಸ್ತಿಯಾಗಿದೆ ಅಂದುಕೊಂಡರೆ, ಫಿಸಿಯೋಥೆರಪಿಸ್ಟ್ ಅಮ್ಮನ ತೊಡೆ ಮುಟ್ಟಿ ನೋಡಿ "ಇಲ್ಲಿ ಏನೂ ಉಳಿದಿಲ್ವಲ್ಲಮ್ಮ" ಅಂದರು. ಕೂತು ಕೂತು ಕಾಲಿನ ಮಾಂಸಖಂಡ ಕರಗುತ್ತೆ, ಸೊರಗಿದ ಕಾಲು ಅದೇ ನಾಲ್ಕು ಹೆಜ್ಜೆಗೆ ಇನ್ನೂ ಜಾಸ್ತಿ ಉಸಿರು ಕೇಳುತ್ತೆ, ಉಸಿರು ಸಾಲಲ್ಲ ಅಂತ ಮತ್ತೆ ಕೂರುತ್ತಾರೆ. ವ್ಯಾಯಾಮದಿಂದ ಶ್ವಾಸಕೋಶ ಮೊದಲಿನ ಹಾಗೆ ಆಗಲ್ಲ, ಆ ಆಸೆ ಬೇಡ. ಆದರೆ ಕಾಲಿಗೆ ಶಕ್ತಿ ಬರುತ್ತೆ.

ಮೊದಲು ಡಾಕ್ಟರಿಗೆ ತೋರಿಸಿ, 'ಪಲ್ಮನರಿ ರಿಹ್ಯಾಬ್' ಅಂತಲೇ ಕೇಳಿ, ಅಂದರೆ ಶ್ವಾಸಕೋಶದ ಕಾಯಿಲೆ ಇರುವವರಿಗೆ ವ್ಯಾಯಾಮ, ಉಸಿರಾಟ ಹೇಳಿಕೊಡುವ ತರಬೇತಿ. 6 ನಿಮಿಷದ ನಡಿಗೆ ಪರೀಕ್ಷೆ ಮಾಡುತ್ತಾರೆ. 30 ಮೀಟರ್ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯಬೇಕು, ಸುಸ್ತಾದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲಲ್ಲ. ಅಮ್ಮ 180 ಮೀಟರಿಗೆ ಗೋಡೆ ಹಿಡಿದರು. ಆಮೇಲೆ ವಾರಕ್ಕೆ 3 ದಿನದಂತೆ 8 ವಾರ: ನಡಿಗೆ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಅರ್ಧ ಲೀಟರ್ ನೀರಿನ ಬಾಟಲಿ ಎತ್ತುವುದು. ಅಷ್ಟೇ.

ತುಂಬಾ ಉಪಯೋಗಕ್ಕೆ ಬಂದದ್ದು ಉಸಿರು ಬಿಡುವ ಪಾಠ. ಈ ಕಾಯಿಲೆಯಲ್ಲಿ ಗಾಳಿ ಪೂರ್ತಿ ಹೊರಗೆ ಬರಲ್ಲ, ಹಳೇ ಗಾಳಿ ಒಳಗೇ ಸಿಕ್ಕಿಕೊಂಡರೆ ಹೊಸದಕ್ಕೆ ಜಾಗ ಎಲ್ಲಿ, ಅಲ್ವಾ? ಮೂಗಿನಲ್ಲಿ ಎಳೆದುಕೊಂಡು, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಸಣ್ಣ ಮಾಡಿ, ಎಳೆದದ್ದರ ಎರಡರಷ್ಟು ಹೊತ್ತು ನಿಧಾನಕ್ಕೆ ಬಿಡಬೇಕು. ಏಳುವಾಗ, ಮೆಟ್ಟಿಲು ಹತ್ತುವಾಗ ಬಿಡುತ್ತಾ ಇರಬೇಕು. "ಒಲೆ ಊದಿದ ಬಾಯಿಗೆ ಇದೇನು ಹೊಸದಾ" ಅಂತ ಅಮ್ಮ ನಕ್ಕಿದ್ದರು.

ಸ್ವಲ್ಪ ಏದುಸಿರು ಬಂದೇ ಬರುತ್ತೆ, ಹೆದರಬೇಡಿ, ಒಂದು ಸಣ್ಣ ವಾಕ್ಯ ಮಾತಾಡುವಷ್ಟು ಉಸಿರು ಇದ್ದರೆ ಸಾಕು. ಬೆರಳಿಗೆ ಹಾಕುವ ಮೀಟರಿನಲ್ಲಿ ಆಕ್ಸಿಜನ್ 88ಕ್ಕಿಂತ ಇಳಿದರೆ, ಎದೆ ನೋವು, ತಲೆ ಸುತ್ತು ಬಂದರೆ ನಿಲ್ಲಿಸಿ. ಜ್ವರ ಇದ್ದಾಗ, ಕಫದ ಬಣ್ಣ ಬದಲಾದಾಗ ಮಾಡಿಸಬೇಡಿ, ಡಾಕ್ಟರಿಗೆ ತೋರಿಸಿ. ನಡೆಯುವ ಮುಂಚೆ ಇನ್ಹೇಲರ್ ಪಫ್ ಬೇಕಾ ಅಂತಲೂ ಅವರನ್ನೇ ಕೇಳಿ.

8 ವಾರದ ಮೇಲೆ ಅಮ್ಮ ನಡೆದದ್ದು 245 ಮೀಟರ್. ಇದೇನು ಮಹಾ ಅನಿಸಿತ್ತು, ಆದರೆ ಆ ತಿಂಗಳು ಚಿಕ್ಕಮ್ಮ ಬಂದಾಗ ಅರಿಶಿನ ಕುಂಕುಮ ಕೊಟ್ಟು ಗೇಟಿನ ತನಕ ಬಂದು ಕಳಿಸಿದರು. ಆಮೇಲೆ ಹಬ್ಬದ ಗಲಾಟೆಯಲ್ಲಿ ಒಂದು ತಿಂಗಳು ಬಿಟ್ಟೆವು, ಮತ್ತೆ ಗೋಡೆ ಬೇಕಾಯಿತು. ಈಗ ಸೀರಿಯಲ್ ಮಧ್ಯೆ ಜಾಹೀರಾತು ಬಂದಾಗಲೆಲ್ಲ ಹತ್ತು ಸಲ ಎದ್ದು ಕೂರುತ್ತಾರೆ.