ಚೀನೀಯರ ಹೊಸ ವರ್ಷವೂ ಚಾಂದ್ರಮಾನ ಅಲ್ಲವೇ, ನಮ್ಮ ಪಂಚಾಂಗ ನೋಡಿ ದಿನ ಹೇಳಬಹುದಾ? ಮಾಲು ತರಲು ಹೋಗಬೇಕು

ದಯವಿಟ್ಟು ಆ ಲೆಕ್ಕಕ್ಕೆ ಕೈ ಹಾಕಬೇಡಿ. 2018ರ ಫೆಬ್ರವರಿ 12ರಂದು ಚೀನಾದ ಯೀವು ಊರಿನ ಸಗಟು ಮಾರುಕಟ್ಟೆಯಲ್ಲಿ, ಸಾಲು ಸಾಲು ಷಟರ್ ಎಳೆದ ಮಳಿಗೆಗಳ ಮುಂದೆ ಚಳಿಯಲ್ಲಿ ನಿಂತಿದ್ದವನು ನಾನು. ನಿಮ್ಮಂತೆಯೇ ಗೋಡೆ ಕ್ಯಾಲೆಂಡರ್ ನಂಬಿ ಹೋಗಿದ್ದೆ.

ನಮ್ಮದು ಫ್ಯಾನ್ಸಿ ಸಾಮಾನಿನ ವ್ಯಾಪಾರ. ಕ್ಲಿಪ್ಪು, ಬಳೆ, ಸರ. 2016ರಲ್ಲಿ ಅವರ ಹೊಸ ವರ್ಷ ಫೆಬ್ರವರಿ 8ಕ್ಕೆ ಬಂತು; ನಮ್ಮ ಪುಷ್ಯ ಅಮಾವಾಸ್ಯೆಯೂ ಅವತ್ತೇ. 2017ರಲ್ಲಿ ಜನವರಿ 28, ನಮ್ಮ ಅಮಾವಾಸ್ಯೆಯ ಮರುದಿನ. ಎರಡು ಸಲ ತಾಳೆಯಾಯಿತಲ್ಲ, ಸೂತ್ರ ಸಿಕ್ಕಿತು ಅಂತ ಬೀಗಿದೆ. 2018ರ ಪುಷ್ಯ ಅಮಾವಾಸ್ಯೆ ಜನವರಿ 16. ಹಾಗಾದರೆ 17ಕ್ಕೆ ಹಬ್ಬ, ಯಾವುದಕ್ಕೂ ಇರಲಿ ಅಂತ ಇನ್ನೂ ಮೂರೂವರೆ ವಾರ ಬಿಟ್ಟು ಟಿಕೆಟ್ ತೆಗೆದೆ. ನೋಡಿ, ಹುಷಾರಾಗಿಯೇ ಇದ್ದೆ! ಆದರೆ ಹಬ್ಬ ಇದ್ದದ್ದು ಫೆಬ್ರವರಿ 16ಕ್ಕೆ.

ಎಡವಿದ್ದು ಅಧಿಕ ಮಾಸದಲ್ಲಿ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಒಂದು ಸೀಸನ್ನೇ ನುಂಗಿದ ವಿಷಯ ಇದು. ಅವರ ತಿಂಗಳೂ ನಮ್ಮದರಂತೆ ಅಮಾವಾಸ್ಯೆಗೇ ಬದಲಾಗುತ್ತದೆ. ಹನ್ನೆರಡು ಚಾಂದ್ರ ತಿಂಗಳಿಗೆ 354 ದಿನ, ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಅದನ್ನು ಸರಿದೂಗಿಸಲು ಅವರೂ ಅಧಿಕ ಮಾಸ ಸೇರಿಸುತ್ತಾರೆ. ಅಂದರೆ ಬರೀ ಚಾಂದ್ರಮಾನ ಅಲ್ಲ, ಸೂರ್ಯನ ಕೈಯೂ ಇದೆ. ನಮ್ಮಲ್ಲಿ ಸಂಕ್ರಾಂತಿ, ಅಂದರೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು, ಬೀಳದ ತಿಂಗಳು ಅಧಿಕ. ಅವರು ಸೂರ್ಯನ ದಾರಿಯನ್ನು 24 ಘಟ್ಟ ಮಾಡಿಕೊಂಡಿದ್ದಾರೆ, ಅದರಲ್ಲಿ ಮುಖ್ಯವಾದವು 12. ಅವುಗಳಲ್ಲಿ ಒಂದೂ ಬೀಳದ ತಿಂಗಳನ್ನು ಅಧಿಕ ಮಾಡುತ್ತಾರೆ. ಇಲ್ಲಿವರೆಗೆ ಅಣ್ಣತಮ್ಮಂದಿರೇ. ಆದರೆ ನಮ್ಮ ಸಂಕ್ರಾಂತಿ ನಕ್ಷತ್ರ ಹಿಡಿದು ನಡೆಯುತ್ತದೆ, ಅವರ ಘಟ್ಟಗಳು ಋತು ಹಿಡಿದು. ವರ್ಷದ ಅತಿ ಉದ್ದದ ರಾತ್ರಿ, ಡಿಸೆಂಬರ್ 21-22, ಅವರಿಗೆ ದೋಂಗ್‌ಝೀ ಹಬ್ಬ, ಆ 12 ಘಟ್ಟಗಳಲ್ಲಿ ಒಂದು. ಅದಕ್ಕೆ ಸಾಟಿಯಾದ ನಮ್ಮ ಮಕರ ಸಂಕ್ರಾಂತಿ ಜನವರಿ 14-15. ಈ ಮೂರು ವಾರ ಚಿಲ್ಲರೆಯ ವ್ಯತ್ಯಾಸದಿಂದ ಅಧಿಕ ಮಾಸಗಳು ಬೇರೆ ಬೇರೆ ಕಡೆ ಬೀಳುತ್ತವೆ. ಅವರದ್ದು 2017ರ ಜುಲೈನಲ್ಲೇ ಶುರುವಾಗಿ ಆಗಸ್ಟ್‌ನಲ್ಲಿ ಮುಗಿದಿತ್ತು. ನಮ್ಮ ಅಧಿಕ ಜ್ಯೇಷ್ಠ ಬಂದದ್ದು 2018ರ ಮೇನಲ್ಲಿ. ನಡುವೆ ಸಿಕ್ಕಿಕೊಂಡ ಹೊಸ ವರ್ಷ, ನಮ್ಮ ಪಂಚಾಂಗದಲ್ಲಿ ಒಂದು ತಿಂಗಳು ಮುಂದೆ ಜರುಗಿತ್ತು. ಜನವರಿ 21ಕ್ಕಿಂತ ಮೊದಲು ಅವರ ಹೊಸ ವರ್ಷ ಬರುವುದೇ ಇಲ್ಲ ಅನ್ನುವುದೊಂದು ಗೊತ್ತಿದ್ದರೂ ಉಳಿದುಕೊಳ್ಳುತ್ತಿದ್ದೆ.

ಐದು ದಿನ ಅಲ್ಲೇ ಕೊಳೆತೆ. ದುಭಾಷಿ ಹುಡುಗಿ ಹುನಾನ್ ಕಡೆಯ ತನ್ನೂರಿಗೆ ರೈಲು ಹತ್ತಿಯಾಗಿತ್ತು. ಬಾಗಿಲುಗಳಿಗೆಲ್ಲ ಕೆಂಪು ಕಾಗದದ ಬರಹ. ಹಬ್ಬದ ಹಿಂದಿನ ರಾತ್ರಿ ಹೋಟೆಲಿನ ಅಜ್ಜಿ, ಇವನಿಗೆ ಯಾರೂ ಇಲ್ಲವೇನೋ ಅನ್ನುವಂತೆ ನೋಡಿ, ನಾಲ್ಕು ಕಿತ್ತಳೆ ಕೈಗಿಟ್ಟರು. ಏಪ್ರಿಲ್-ಮೇ ಮದುವೆ ಸೀಸನ್‌ಗೆ ಅಂತಿದ್ದ ಮಾಲು ನಮ್ಮ ಅಂಗಡಿ ತಲುಪಿದ್ದು ಜೂನ್‌ನಲ್ಲಿ.

ಅದಿರಲಿ, ದಿನ ಯಾವುದು ಅನ್ನುವುದು ನಿಮ್ಮ ಪ್ರಶ್ನೆಯೇ ಆಗಬಾರದು. ಅದು ಮೊಬೈಲಿನಲ್ಲೇ ಸಿಗುತ್ತದೆ. ಸರ್ಕಾರಿ ರಜೆ ಆ ವರ್ಷ ಏಳೇ ದಿನ, ಫೆಬ್ರವರಿ 15ರಿಂದ 21. ಆದರೆ ಊರಿಗೆ ಹೋಗಿಬರುವವರ ಓಡಾಟ, ಅವರು ಚುನ್‌ಯುನ್ ಅನ್ನುವುದು, 40 ದಿನ: ಫೆಬ್ರವರಿ 1ರಿಂದ ಮಾರ್ಚ್ 12. ಕಾರ್ಖಾನೆಯ ಕೆಲಸಗಾರರು ಹಬ್ಬಕ್ಕೆ ಎರಡು ವಾರ ಮೊದಲೇ ಜಾಗ ಖಾಲಿ ಮಾಡುತ್ತಾರೆ, ಎಷ್ಟೋ ಜನ ಹದಿನೈದನೇ ದಿನದ ದೀಪದ ಹಬ್ಬ ಮುಗಿಸಿಯೇ ಬರುತ್ತಾರೆ. ಮಾಲು ಕೊಡುವವರನ್ನೇ ಕೇಳಿ, ಕೊನೇ ಲೋಡ್ ಯಾವತ್ತು, ಮತ್ತೆ ಮಿಷನ್ ತಿರುಗುವುದು ಯಾವತ್ತು ಅಂತ.

ಪಂಚಾಂಗ ನೋಡಲೇಬೇಕು ಅಂತಿದ್ದರೆ ಆ ದೀಪದ ಹುಣ್ಣಿಮೆ ನೋಡಿ. ಸಾಮಾನ್ಯವಾಗಿ ನಮ್ಮ ಭಾರತ ಹುಣ್ಣಿಮೆ ಅದು. 2018ರಂಥ ವರ್ಷದಲ್ಲಿ ಹೋಳಿ ಹುಣ್ಣಿಮೆ. 2026ರದ್ದೂ ಅದೇ ಜಾತಿ, ಹೊಸ ವರ್ಷ ಫೆಬ್ರವರಿ 17, ದೀಪದ ಹಬ್ಬ ಮಾರ್ಚ್ 3. ಬಣ್ಣ ಆಡಿ, ಸ್ನಾನ ಮಾಡಿ, ಆಮೇಲೆ ಟಿಕೆಟ್ ತೆಗೀರಿ.